ಕಪ್ತಾನ ಸತ್ತಿಲ್ಲ ಎನ್ನುವವರ ಗುಂಪಿನಲ್ಲಿ

ಬೆಳಿಗ್ಗೆ ಚಹಾ ಕುದಿಯುವ ಮೊದಲೇ ಅವ್ವ ಕೇಳುತ್ತಿದ್ದಳು, "ಏನರೆ ಬರದಾರೇನು?"

ಬರೆಯುವವರು ಯಾರೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದು ಒಂದು ಸಿನಿಮಾದ ಅಭಿಮಾನಿಗಳ ಗುಂಪು, ಮೊಬೈಲಿನಲ್ಲಿ ನಡೆಯುವಂಥದ್ದು. ಜಗತ್ತಿನ ಯಾವ ಯಾವ ಮೂಲೆಯ ಜನವೋ ಸೇರಿಕೊಂಡು, ಇನ್ನೂ ಬಾರದ ಎರಡನೆಯ ಭಾಗದಲ್ಲಿ ಏನಾಗುತ್ತದೆ ಎಂದು ಜಗಳಾಡುತ್ತಾರೆ. ಮಾಡಲು ಕೆಲಸವಿಲ್ಲದ ಮಂದಿ ಎಂದು ಒಂದು ಕಾಲಕ್ಕೆ ನಾನೂ ಮೂಗು ಮುರಿದವಳೇ. ಈಗ ಹಲ್ಲುಜ್ಜುವ ಮೊದಲು ಅದನ್ನೇ ತೆರೆಯುತ್ತೇನೆ. ಏಕಾದಶಿ ತಪ್ಪಿಸದ, ಮಂಡಿನೋವಿನ ನನ್ನ ಅವ್ವ, ಆಕಾಶದಲ್ಲಿ ಹಡಗು ನಡೆಸುವ ಒಬ್ಬ ಕಪ್ತಾನ ಬದುಕಿದ್ದಾನೋ ಇಲ್ಲವೋ ಎಂದು ವಿಚಾರಿಸುತ್ತಲೇ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದಳು.

ಮೊದಲ ಭಾಗವನ್ನು ನಾನು, ನನ್ನ ತಮ್ಮ ಇಬ್ಬರೂ ಪುಣೆಯ ವಿಮಾನ ನಗರದ ಮಾಲಿನಲ್ಲಿ ನೋಡಿದ್ದೆವು. ನಕ್ಷತ್ರಗಳ ನಡುವೆ ರಾಜ್ಯಗಳು, ಮಾಟ ಬಲ್ಲ ರಾಣಿಯರು, ಕಿವಿ ಗಡಚಿಕ್ಕುವ ಯುದ್ಧ. ಕೊನೆಗೆ ಕಪ್ತಾನನ ಹಡಗು ಸುಟ್ಟುಹೋಗುತ್ತದೆ, ಅವನು ಕರಿ ಬಾಗಿಲು ಎಂಬ ಕತ್ತಲೆಯೊಳಗೆ ಹಾರುತ್ತಾನೆ, ಅಲ್ಲಿಗೆ ಸಿನಿಮಾ ಮುಗಿಯಿತು. ನನಗೆ ತಲೆ ಚಿಟ್ಟು ಹಿಡಿದಿತ್ತು. ತಮ್ಮ ಮಾತ್ರ ಹೊರಗೆ ರಸ್ತೆ ಬದಿಯಲ್ಲಿ ವಡಾಪಾವ್ ತಿನ್ನುತ್ತ ಬಿಡದೆ ವಾದಿಸಿದ.

"ಅಂವಾ ಸತ್ತಿಲ್ಲಕ್ಕಾ. ಹೆಣ ತೋರಿಸ್ಯಾರೇನು? ಇಲ್ಲ. ಹೆಣ ತೋರಿಸಲಿಲ್ಲಂದ್ರ ಸತ್ತಿಲ್ಲ. ಇಂಥಾ ಸಿನಿಮಾದಾಗ ಇದು ಮೊದಲನೇ ಕಾನೂನು."

"ಮತ್ತ ಎಲ್ಲಿ ಹೋದಾ?"

"ಎಲ್ಲೋ ಅಡಗಿ ಕುಂತಾನ. ಹಡಗ ಕಳಕೊಂಡಾನಲ್ಲ, ಯಾವ ಮಾರಿ ತಗೊಂಡು ಮನಿಗೆ ಹೋಗತಾನ?"

ಅಷ್ಟು ದೊಡ್ಡ ಕಪ್ತಾನನಿಗೆ ನಾಚಿಕೆ ಎಂಥದ್ದೋ ಎಂದು ನಾನು ನಕ್ಕೆ. ಅವನೂ ನಕ್ಕ. ಮುಂದೆ ಅವನು ಸೇರಿಕೊಂಡ ಆ ಅಭಿಮಾನಿಗಳ ಗುಂಪಿನಲ್ಲಿ ಕೂಡ ಅವನ ವಾದಕ್ಕೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲವಂತೆ. ಉಳಿದವರೆಲ್ಲ ಅವಳಿ ಸೋದರ, ಹಿಂದಕ್ಕೆ ಓಡುವ ಕಾಲ, ರಾಣಿಯ ಶಾಪ ಎಂದು ಏನೇನೋ ಹೇಳುತ್ತಿದ್ದರು. ಇವನೊಬ್ಬನೇ ನಾಚಿಕೆಯನ್ನು ಹಿಡಿದುಕೊಂಡು ಕುಳಿತಿದ್ದ.

ನಮ್ಮ ಅಪ್ಪ ದೌಂಡದಲ್ಲಿ ರೈಲ್ವೆ ಗುಮಾಸ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ನನ್ನ ಆಫೀಸಿಗೆ ಹತ್ತಿರವಾಗಲಿ ಎಂದು ಪುಣೆಯಲ್ಲಿ ಬಾಡಿಗೆ ಮನೆ ಹಿಡಿದೆವು. ತಮ್ಮನ ಕೆಲಸ ದೌಂಡದ ಹತ್ತಿರದ ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ. ದಿನಾ ಬೆಳಿಗ್ಗೆ ಅವ್ವ ಕಟ್ಟಿಕೊಟ್ಟ ಡಬ್ಬಿ ಹಿಡಿದು ದೌಂಡದ ರೈಲು ಹತ್ತುತ್ತಿದ್ದ, ಸಂಜೆ ಬರುತ್ತಿದ್ದ. ಒಂದು ಸಂಜೆ ಬರಲಿಲ್ಲ. ಫೋನ್ ಹತ್ತಲಿಲ್ಲ. ಮರುದಿನ ಕಾರ್ಖಾನೆಗೆ ಹೋಗಿ ಕೇಳಿದರೆ, ಅವನನ್ನು ಕೆಲಸದಿಂದ ತೆಗೆದು ತಿಂಗಳುಗಳೇ ಆಗಿವೆ ಅಂದರು. ಹಾಗಾದರೆ ಇಷ್ಟು ದಿನ ಅವ್ವನ ರೊಟ್ಟಿ, ಪುಂಡಿಪಲ್ಯೆ ಎಲ್ಲಿ ಕೂತು ತಿಂದ?

ಅದನ್ನು ಹೇಳಿದವನು ದೌಂಡ ಸ್ಟೇಷನ್ನಿನ ಚಹಾದಂಗಡಿಯವನು. ಫೋಟೋ ನೋಡಿದ ಕೂಡಲೇ ಗುರುತಿಸಿದ. ದಿನವಿಡೀ ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನ ಮೇಲೆ ಕೂತಿರುತ್ತಿದ್ದ, ಮೊಬೈಲಿನಿಂದ ಕಣ್ಣು ಎತ್ತುತ್ತಿರಲಿಲ್ಲ, ಏನೋ ಬರೆಯುತ್ತಲೇ ಇರುತ್ತಿದ್ದ ಎಂದು ಮರಾಠಿಯಲ್ಲಿ ಹೇಳಿದ. ಏನು ಬರೆಯುತ್ತಿದ್ದ ಎಂಬುದು ನನಗೆ ಹೊಳೆಯಿತು. ಮನೆಗೆ ಬಂದವಳೇ ಆ ಗುಂಪಿಗೆ ಸೇರಿದೆ.

ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಸ್ವಂತ ಮುಖವಿಲ್ಲ. ತಮ್ಮ ಯಾವ ಹೆಸರಿನಲ್ಲಿ ಬರೆಯುತ್ತಿದ್ದನೆಂದು ನಾನು ಕೇಳಿಟ್ಟುಕೊಂಡಿರಲಿಲ್ಲ. ಹಳೆಯ ಮಾತುಗಳನ್ನು ಹುಡುಕೋಣವೆಂದರೆ ಅಲ್ಲಿ ಹಳೆಯದೆಲ್ಲ ಅಳಿಸಿಹೋಗುತ್ತದೆ. ಆದರೆ ಒಂದು ಮಾತು ನನಗೆ ಖಾತ್ರಿಯಿತ್ತು. ಅವನು ಮನೆ ಬಿಟ್ಟಾನು, ನಮ್ಮನ್ನು ಬಿಟ್ಟಾನು, ಈ ಗುಂಪನ್ನು ಬಿಡುವವನಲ್ಲ. ಪೊಲೀಸರು, ಗಂಡಸು ಮಗ, ತಾನೇ ಬರುತ್ತಾನೆ ಎಂದು ಸಮಾಧಾನ ಹೇಳಿದರು. ಸೊಲ್ಲಾಪುರದ ಮಾಮಾ ಮೊದಮೊದಲು ನಮ್ಮ ಜೊತೆ ಅತ್ತ, ಆಮೇಲೆ ದೇವರ ಮೇಲೆ ಭಾರ ಹಾಕಿದ. ನನಗೆ ಉಳಿದದ್ದು ಈ ಗುಂಪು ಒಂದೇ.

ವರ್ಷಗಳು ಹೋದವು. ಸಿನಿಮಾದ ಎರಡನೆಯ ಭಾಗವೂ ಮುಂದೆ ಮುಂದೆ ಹೋಯಿತು. ಮಾಮಾ ಬಂದಾಗಲೆಲ್ಲ ಒಂದೇ ವಿಷಯ ತೆಗೆಯತೊಡಗಿದ. ದರ್ಭೆಯ ಗೊಂಬೆ ಮಾಡಿ, ಅದನ್ನೇ ಹುಡುಗನೆಂದು ತಿಳಿದು ಸುಟ್ಟು, ಮುಂದಿನ ಕರ್ಮ ಮಾಡಿ ಮುಗಿಸುವ ಪದ್ಧತಿ ಇದೆ, ಆಚಾರ್ರು ಒಪ್ಪಿದ್ದಾರೆ, ಹೋದವನಿಗೆ ಗತಿ ಸಿಗಬೇಕಲ್ಲ. ಅವ್ವ ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಒಮ್ಮೆ ಮಾತ್ರ ತಿರುಗಿ ಕೇಳಿದಳು, "ಹೆಣ ನೋಡಿಯೇನು ನೀ?"

ನಾನೇ ಕಲಿಸಿದ್ದ ಕಾನೂನು ಅದು. ಕಪ್ತಾನನ ಕತೆಯನ್ನೆಲ್ಲ ಅವಳಿಗೆ ಹೇಳಿದ್ದೆ.

ಆಫೀಸಿನಲ್ಲಿ ಲೆಕ್ಕ ನೋಡುವಾಗಲೂ ಮೊಬೈಲ್ ಮಡಿಲಲ್ಲಿರುತ್ತಿತ್ತು. ಕಪ್ತಾನನ ಪಾತ್ರದ ನಟ ಮತ್ತೆ ಗಡ್ಡ ಬಿಟ್ಟಿದ್ದಾನೆ, ಅಂದರೆ ಕಪ್ತಾನ ಬದುಕಿದ್ದಾನೆ ಎಂದು ಯಾರೋ ಬರೆದರೆ ನನಗೆ ಊಟ ಸೇರುತ್ತಿತ್ತು. ಆ ನಟನಿಗೂ ನಿರ್ಮಾಪಕರಿಗೂ ಜಗಳವಾಗಿದೆ ಎಂಬ ಸುದ್ದಿ ಬಂದ ದಿನ ಆಫೀಸಿನ ಬಚ್ಚಲಲ್ಲಿ ನಿಂತು ಅತ್ತಿದ್ದೇನೆ. ಲಜ್ಜೆಗೇಡಿತನ ಅಂದರೆ ಅನ್ನಲಿ. ಮುಳುಗುವವರು ಹಗ್ಗದ ಬಣ್ಣ ನೋಡುವುದಿಲ್ಲ.

ಕೊನೆಗೆ ನಾನೇ ಗಾಳ ಹಾಕಿದೆ. ತಮ್ಮನ ವಾದವನ್ನು ನನ್ನದೆಂಬಂತೆ ಇಂಗ್ಲಿಷಿನಲ್ಲಿ ಬರೆದೆ: ಕಪ್ತಾನ ಸತ್ತಿಲ್ಲ, ಹಡಗು ಕಳೆದುಕೊಂಡ ನಾಚಿಕೆಗೆ ಅಡಗಿದ್ದಾನೆ. ತುಂಬ ಜನ ಗೇಲಿ ಮಾಡಿದರು. ಒಬ್ಬರು ಮಾತ್ರ ಬರೆದರು: ನಿಜ, ಅವನಿಗೆ ಮನೆಗೆ ಹೋಗಲು ಭಯ, ಯಾರಾದರೂ ಕರೆಯಲಿ ಎಂದು ಕಾಯುತ್ತಿದ್ದಾನೆ.

ಇನ್ಯಾರು ಹೀಗೆ ಬರೆಯುತ್ತಾರೆ? ಬೇರೆಯವರಿಗೆ ಕಾಣದಂತೆ ಅವರೊಬ್ಬರಿಗೇ ಕನ್ನಡದಲ್ಲಿ ಬರೆದೆ: "ಅವ್ವ ಕಾಯಾಕತ್ತಾಳ. ನೌಕರಿ ಹೋದ್ರ ಹೋಗಲಿ. ಮನಿಗೆ ಬಾ."

ಉತ್ತರ ತಡವಾಗಲಿಲ್ಲ, ಇಂಗ್ಲಿಷಿನಲ್ಲಿತ್ತು: ಎಷ್ಟು ಚೆಂದದ ಅಕ್ಷರ! ಇದು ಕರಿ ಬಾಗಿಲಿನ ಆಚೆಯ ಲೋಕದ ಲಿಪಿಯೇ? ನಿಮಗೆ ಎಲ್ಲಿ ಸಿಕ್ಕಿತು? ಬರೆದವಳು ಯಾವುದೋ ದೂರ ದೇಶದ ಹುಡುಗಿ. ಅಷ್ಟಕ್ಕೇ ಬಿಡಲಿಲ್ಲ. ನನ್ನ ಅಕ್ಷರಗಳ ಚಿತ್ರ ತೆಗೆದು, ಎರಡನೆಯ ಭಾಗದಿಂದ ಸೋರಿಬಂದ ಗುಟ್ಟು ಎಂದು ಗುಂಪಿನಲ್ಲಿ ಹಾಕಿಬಿಟ್ಟಳು.

ಇದು ನಾನು ನನ್ನ ತಮ್ಮನಿಗೆ ಬರೆದದ್ದು, ತೆಗೆಯಿರಿ ಎಂದು ಕೂಗಿ ಹೇಳಬೇಕೆನಿಸಿತು. ಆದರೆ ಆ ಚಿತ್ರ ಆಗಲೇ ಒಂದು ಗುಂಪಿನಿಂದ ಇನ್ನೊಂದಕ್ಕೆ ಓಡತೊಡಗಿತ್ತು. ಓಡಲಿ ಬಿಡು, ಎಲ್ಲಿದ್ದರೂ ಅವನ ಕಣ್ಣಿಗೆ ಬೀಳಲಿ ಅಂದುಕೊಂಡೆ. ಯಾರೋ ಕನ್ನಡದವರು ಇದು ನಮ್ಮ ಭಾಷೆ ಕಣ್ರೋ ಎಂದು ಅರ್ಥವನ್ನೂ ಬರೆದರು. ಆದರೂ ಜನಕ್ಕೆ ನಂಬಿಕೆ ಹೋಗಲಿಲ್ಲ, ಇನ್ನೂ ಹೆಚ್ಚಿತು. ಸಿನಿಮಾದವರೇ ಬೇಕೆಂದು ಒಂದು ಭಾಷೆ ಆರಿಸಿ ಒಗಟು ಬಿಟ್ಟಿದ್ದಾರಂತೆ. ಕಪ್ತಾನನಿಗೆ ತಾಯಿ ಇದ್ದಾಳಂತೆ. ಅವ್ವ ಯಾರು, ಅವ್ವನ ಪಾತ್ರ ಯಾರು ಮಾಡುತ್ತಾರೆ, ಅವ್ವ ಎಲ್ಲಿ ಕಾಯುತ್ತಿದ್ದಾಳೆ ಎಂದು ನಾಲ್ಕು ದಿಕ್ಕಿನಿಂದ ಪ್ರಶ್ನೆ. ಅವ್ವ ಒಳಗೆ ಮೆಂತ್ಯೆಸೊಪ್ಪು ಸೋಸುತ್ತಿದ್ದಳು.

ಹೋಗಿ ಎಲ್ಲ ಹೇಳಿದೆ. ಬಹಳ ದಿನಗಳ ಮೇಲೆ ಅವಳು ನಕ್ಕದ್ದು ನೋಡಿದೆ.

"ಜಗತ್ತೆಲ್ಲಾ ನೋಡೇತಿ?"

"ಭಾಳ ಮಂದಿ ನೋಡ್ಯಾರವ್ವಾ. ಇನ್ನೂ ನೋಡಾಕತ್ತಾರ."

"ಹಂಗಾದ್ರ ಅವಗೂ ಮುಟ್ಟಿರಬೇಕಲ್ಲ?"

ಮುಟ್ಟಿರುತ್ತದೆ ಎಂದೆ. ಖುಷಿಯಿಂದಲೇ ಎಂದೆ. ಆ ಮಾತಿನ ಹಿಂದೆ ಏನು ಬರುತ್ತಿದೆ ಎಂದು ನನಗೆ ಹೊಳೆಯಲಿಲ್ಲ. ಅವ್ವ ಆ ದಿನದಿಂದ ಹೊರಬಾಗಿಲಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಳು. ಲಿಫ್ಟಿನ ಸದ್ದಾದರೆ ಎದ್ದು ನಿಲ್ಲುವಳು. ಬರುತ್ತಿದ್ದವರು ಪಕ್ಕದ ಮನೆಯವರು, ಪಾರ್ಸಲ್ ತರುವವರು, ಹಾಲಿನವನು. ತಮ್ಮನಿಗೆ ಇಷ್ಟವಾದ ಶೇಂಗಾದ ಹೋಳಿಗೆಗೆ ಶೇಂಗಾ ಹುರಿದಿಟ್ಟಳು. ಅದು ಡಬ್ಬದಲ್ಲೇ ಕಮಟು ವಾಸನೆ ಹಿಡಿಯಿತು. ಗುಂಪಿನ ಮಂದಿಯೂ ಅವ್ವನನ್ನು ಮರೆತು, ರಾಣಿಯ ಹೊಸ ಕಿರೀಟದ ಹಿಂದೆ ಬಿದ್ದರು.

ಒಂದು ಬೆಳಿಗ್ಗೆ ಚಹಾ ಕುದ್ದು ಆರಿತು, ಅವ್ವ ಏನೂ ಕೇಳಲಿಲ್ಲ. ನಾನೇ ಹೇಳಹೋದೆ, "ಇವತ್ತ ಏನ್ ಬರದಾರಂದ್ರ..."

"ಮಾಮಾಗ ಫೋನ್ ಮಾಡು," ಎಂದಳು. "ಆಚಾರ್ರನ್ನ ಕರಕೊಂಡು ಬಾ ಅನ್ನು."

ನನಗೆ ಮೈ ಉರಿದುಹೋಯಿತು. "ಯಾಕ? ಸಿನಿಮಾ ಇನ್ನೂ ಬಂದಿಲ್ಲ. ಹೆಣ ತೋರಿಸಿಲ್ಲ. ನೀನ ಹೇಳತಿದ್ದಿ!" ಎಂದು ಅರಚಿದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಗುಂಪಿನ ಅರೆಹುಚ್ಚರ ಹಾಗೆ ಒಂದೊಂದೇ ಪುರಾವೆ ಹೇಳತೊಡಗಿದೆ. ಗಡ್ಡ ಹೇಳಿದೆ, ನಾಚಿಕೆ ಹೇಳಿದೆ, ದೌಂಡದ ಬೆಂಚು ಹೇಳಿದೆ.

ಅವ್ವ ಮುಗಿಯುವ ತನಕ ಕೇಳಿದಳು. ಆಮೇಲೆ ನನ್ನ ಕೈ ಹಿಡಿದು ಕೂರಿಸಿದಳು.

"ಅವ್ವ ಕಾಯಾಕತ್ತಾಳ ಅಂತ ಓದಿದ ಮ್ಯಾಲೂ ಬರಲಿಲ್ಲಂದ್ರ, ಅಂವಾ ಬ್ಯಾರೆ ಯಾರೋ ಆಗ್ಯಾನ ಅಂದಂಗಾತು. ನನ್ನ ಮಗಾ ಹಂಗಿಲ್ಲ. ಓದಿದ್ರ ಓಡಿ ಬರತಿದ್ದ. ಓದಿ ಬರಲಿಲ್ಲ ಅನ್ನೂಕಿಂತ ಇಲ್ಲ ಅನ್ನೂದು ಸಸಾರ ಐತಿ ನನಗ."

ಅಷ್ಟು ಹೇಳಿ, ಬಾಗಿಲಿನ ಹತ್ತಿರದ ಕುರ್ಚಿಯನ್ನು ಎತ್ತಿ ಒಳಗೆ ಇಟ್ಟಳು.

ಫೋನ್ ನನ್ನ ಕೈಯಲ್ಲೇ ಇತ್ತು. ಮಾಮಾನ ನಂಬರು ತೆಗೆದೆ, ಒತ್ತಲು ಆಗಲಿಲ್ಲ. ಗುಂಪನ್ನು ತೆರೆದು ಹೊಸ ವಾದವೊಂದನ್ನು ಬರೆದೆ: ಕರಿ ಬಾಗಿಲಿನ ಆಚೆಗೆ ಯಾವ ಸುದ್ದಿಯೂ ಮುಟ್ಟುವುದಿಲ್ಲ, ಅವ್ವ ಕರೆದದ್ದನ್ನು ಕಪ್ತಾನ ಇನ್ನೂ ಓದಿಯೇ ಇಲ್ಲ. ನೋಡನೋಡುತ್ತಿದ್ದಂತೆ ಬಹಳ ಜನ ಒಪ್ಪಿದರು. ಮಾಮಾನಿಗೆ ಫೋನ್ ಮಾಡಿದೆಯಾ ಎಂದು ಅವ್ವ ಒಳಗಿನಿಂದ ಕೇಳುತ್ತಿದ್ದಳು. ಹತ್ತುತ್ತಿಲ್ಲ ಎಂದೆ.