ಕಾಕುವಿನ ಸೆರಗಿನ ಗಂಟು

ಕಾಕುವಿನ ಸೆರಗಿನ ತುದಿಯಲ್ಲಿ ಯಾವಾಗಲೂ ನಾಲ್ಕೈದು ಗಂಟುಗಳಿರುತ್ತಿದ್ದವು. ಎಮ್ಮೆ ಹಿಂಡಿ ಎದ್ದವಳು ಒದ್ದೆ ಬೆರಳಿನಿಂದ ಅವನ್ನು ಮುಟ್ಟಿ, ‘ಇದ್ಯಾತಕ್ಕ ಕಟ್ಟೇನಿ?’ ಎಂದು ಗೊಣಗುತ್ತಿದ್ದಳು. ಸೀರೆ ಬದಲಿಸಿದರೆ ಅಷ್ಟೂ ಗಂಟುಗಳನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ಅಕ್ಕೋಳದಲ್ಲಿ ನಮ್ಮ ಪಕ್ಕದ ಮನೆಯವಳು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ.

ಮೊದಲು ಹೀಗಿರಲಿಲ್ಲ. ಯಾರ ಎಮ್ಮೆ ಯಾವಾಗ ಈಯಿತು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಎಲ್ಲ ಅವಳ ನಾಲಿಗೆಯ ಮೇಲಿತ್ತು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಒಂದು ಮುಂಜಾನೆ ಅವಳು ಕೂದಲು ಬಿಚ್ಚಿ ಚೀರತೊಡಗಿದಳು. ಕೈ ತಿರುಚಿಕೊಂಡು ಸಂಬಂಧವಿಲ್ಲದ ಮಾತಾಡಿದಳು. ದೇವಿ ಮೈಮೇಲೆ ಬಂದಳೆಂದು ಓಣಿ ನಂಬಿತು. ದವಾಖಾನೆಗೆ ಒಯ್ಯುವ ಬದಲು ಕುಂಕುಮ ಹಚ್ಚಿ, ತೆಂಗಿನಕಾಯಿ ಹಿಡಿದು ಪ್ರಶ್ನೆ ಕೇಳಲು ಸಾಲುಗಟ್ಟಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಸಾಲಿನಲ್ಲಿ ನನ್ನ ಅವ್ವನೂ ಇದ್ದಳು. ನನ್ನ ಶಾಲೆ ಬಿಡಿಸಿ ಪಕ್ಕದ ಊರು ಭೋಜದ ಮದುವೆ ಸಂಬಂಧ ಗಟ್ಟಿ ಮಾಡಲೇ ಎಂಬುದು ಅವಳ ಪ್ರಶ್ನೆ. ಕಾಕು ಕಣ್ಣು ಕೆಂಪಗೆ ಮಾಡಿ, ‘ಸಾಲಿ ಕಲಿಸು! ಕಲಿಸು!’ ಎಂದು ಒದರಿದಳು. ಅವ್ವ ಕೈಮುಗಿದು ಮರಳಿದಳು.

ಫಿಟ್ಸ್ ಬಂದು ಬಿದ್ದ ಮೇಲೆಯೇ ಕಾಕುವನ್ನು ಮಿರಜಕ್ಕೆ ಒಯ್ದರು. ಇದು ಮಿದುಳಿನ ರೋಗ ಎಂದರು ಡಾಕ್ಟರು. ಉಳಿದದ್ದು ನನಗೆ ಮುಂದೆ ನರ್ಸಿಂಗ್ ಓದುವಾಗ ತಿಳಿಯಿತು. ನರಕೋಶಗಳ ಮೇಲೆ ಸಂದೇಶ ಹಿಡಿಯುವ ಗ್ರಾಹಕಗಳಿರುತ್ತವೆ. ಹೊಸ ನೆನಪು ಕೂರಲು ಅವು ಬೇಕು. ಮೈ ಕಾಯಬೇಕಾದ ರಕ್ಷಣೆಯೇ ದಾರಿತಪ್ಪಿ ಅವಳ ಗ್ರಾಹಕಗಳ ಮೇಲೆ ಬಿದ್ದಿತ್ತು, ಮನೆಯ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ.

ಗುಣವಾಗಿ ಬಂದ ಕಾಕುವಿಗೆ ಹಳೆಯದೆಲ್ಲ ನೆನಪಿತ್ತು. ರೋಗದ ದಿನಗಳು ಮಾತ್ರ ಅಳಿಸಿಹೋಗಿದ್ದವು, ಹೊಸದೇನೂ ಸರಿಯಾಗಿ ನಿಲ್ಲುತ್ತಿರಲಿಲ್ಲ. ನೆನಪಿಗೆಂದು ಸೆರಗಿಗೆ ಗಂಟು ಹಾಕಿಕೊಳ್ಳತೊಡಗಿದಳು. ಅಷ್ಟರಲ್ಲಿ ಭೋಜದವರು ಮತ್ತೆ ಹೇಳಿಕಳಿಸಿದರು. ಅವ್ವ ನನ್ನನ್ನು ಕರೆದುಕೊಂಡು ಅವಳ ಅಂಗಳಕ್ಕೆ ಹೋದಳು.

‘ಖರೇ ಹೇಳ ಅಕ್ಕಾ, ಅವತ್ತ ದೇವಿ ಹೇಳಿದ್ಲೋ, ಏನ್ ಆ ರೋಗದ ಬ್ಯಾನ್ಯಾಗ ಅಂದಿಯೋ?’

ದೇವಿ ಎಂದಿದ್ದರೆ ನನ್ನ ಶಾಲೆ ಉಳಿಯುತ್ತಿತ್ತು. ಕಾಕು ಹಾಗನ್ನಲಿಲ್ಲ.

‘ಏನ್ ಅಂದೇನೋ ನನಗ ನೆನಪಿಲ್ಲವ್ವಾ. ದೇವಿ ಅಲ್ಲ, ಬ್ಯಾನಿನ ಅದು. ಈಗ ಶುದ್ಧಿ ಇದ್ದು ಹೇಳ್ತೇನಿ ಕೇಳ. ಪೋರೀನ ಸಾಲಿ ಬಿಡಸಬ್ಯಾಡ.’

ಹಾಗೆಂದವಳೇ ಸೆರಗಿಗೆ ಒಂದು ಗಂಟು ಹಾಕಿದಳು. ‘ಇದನ್ನೂ ಮರತ ಬಿಡತೇನಿ!’

ಮರುದಿನವೇ ಮರೆತಿದ್ದಳು. ಆ ಗಂಟು ಮುಟ್ಟಿ ಇದ್ಯಾತಕ್ಕೆಂದು ನನ್ನನ್ನು ಕೇಳಿದಾಗ, ‘ನನ್ನ ಸಾಲಿಗೆ, ಕಾಕೂ’ ಎಂದೆ. ನೆಟ್ಟಗೆ ನಮ್ಮ ಬಾಗಿಲಿಗೆ ಬಂದಳು. ‘ಏನ ಬೇ, ಪೋರೀನ ಸಾಲಿ ಬಿಡಸ್ತಿಯಂತ?’ ಅದರ ಮರುದಿನ ಮತ್ತೆ. ಅವ್ವ ಮೊದಲು ಸಿಡುಕಿದಳು, ಆಮೇಲೆ ನಕ್ಕಳು, ಕೊನೆಗೆ ಭೋಜದವರಿಗೆ ಒಲ್ಲೆವೆಂದು ಹೇಳಿಕಳಿಸಿದಳು. ನಾನು ನರ್ಸಿಂಗ್ ಸೇರಿದ ಮೇಲೂ ಕಾಕುವಿನ ಜಗಳ ನಿಲ್ಲಲಿಲ್ಲ. ಇಂದು ನಾನು ತಿನ್ನುವ ರೊಟ್ಟಿ ಅವಳ ಋಣ.

ಕೆಲವು ವರ್ಷಗಳ ಬಳಿಕ ರೋಗ ಮರಳಿತು. ಈ ಸಲ ಯಾರೂ ತೆಂಗಿನಕಾಯಿ ತರಲಿಲ್ಲ, ತಡಮಾಡದೆ ಮಿರಜಕ್ಕೆ ಒಯ್ದೆವು. ಆದರೂ ಮನೆಗೆ ತಂದ ವಾರದಲ್ಲೇ ಹೋಗಿಬಿಟ್ಟಳು. ಮೈತೊಳೆಯುವ ಮುನ್ನ ಹೆಂಗಸರು ಅವಳ ಸೆರಗಿನ ಗಂಟುಗಳನ್ನು ಬಿಚ್ಚತೊಡಗಿದರು. ಕೊನೆಯದಕ್ಕೆ ಕೈಹಾಕಿದಾಗ ಅವ್ವ ತಡೆದಳು.

‘ಅದೊಂದ ಇರ್ಲಿ ಬಿಡ್ರಿ,’ ಎಂದಳು. ‘ಅದು ನಮ್ಮ ಮನೀದು.’