ಅರಿಷಿಣ ಕುಡಿದ ಮೋಟಾರು

ಜೋರಾಗಿ ಹಾರ್ನು ಊದುವುದು ನನಗೆ ಬರುವುದಿಲ್ಲ. ಮೋಟಾರು ನಡೆಸುವವಳು ಹೀಗೆ ಹೇಳಿಕೊಂಡರೆ, ರೊಟ್ಟಿ ಬಡಿಯುವವಳು ತನಗೆ ಸಪ್ಪಳವಾಗುವುದಿಲ್ಲ ಎಂದಂತಾಯಿತು. ಏನು ಮಾಡಲಿ? ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು. ಬಾಗಿಲು ಹಾಕಿದ್ದು ಬಾಗಿಲಿಗೇ ಗೊತ್ತಾಗಬಾರದು, ಚಮಚೆ ಚಹದ ಬಸಿಯನ್ನು ತಾಕಬಾರದು, ಸೀನು ಬಂದರೆ ಕರವಸ್ತ್ರದೊಳಗೇ ಮುಗಿದು ಹೋಗಬೇಕು. ಅಂಥ ಕೈಗೆ ರಬ್ಬರ್ ಚೆಂಡನ್ನು ಹಿಂಡಿ ಊದುವ ಹಿತ್ತಾಳೆಯ ಹಾರ್ನು ಕೊಟ್ಟರೆ ಅದು ಸಭೆಯಲ್ಲಿ ಕುಳಿತ ಹಿರಿಯರ ಹಾಗೆ ಮೆಲ್ಲಗೆ ಕೆಮ್ಮುತ್ತದೆ, ಅಷ್ಟೆ. ಗೋಕಾಕದ ಎತ್ತುಗಳು ಆ ಕೆಮ್ಮಿಗೆ ಕಿವಿಯನ್ನು ಕೂಡ ಅಲ್ಲಾಡಿಸುತ್ತಿರಲಿಲ್ಲ. ಬಂಡಿಯ ಹಿಂದೆ ಬಂಡಿಯ ವೇಗದಲ್ಲೇ ಸಾಗಿ, ಅದು ಹೊಲಕ್ಕೆ ಹೊರಳಿದ ಮೇಲೆ ಮನಸ್ಸಿನಲ್ಲೇ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದೆ.

ಇಂಥವಳು ಒಮ್ಮೆ ಮೋಟಾರುಗಳ ಶರ್ಯತ್ತಿಗೆ ಇಳಿದಿದ್ದೆ.

ನಮ್ಮ ಮೋಟಾರಿನ ಹೆಸರು ಕೆಂಪಿ. ಬಣ್ಣ ಕೆಂಪಾದ್ದರಿಂದ ಆಕಳಿಗೆ ಇಡುವ ಹೆಸರನ್ನೇ ನಮ್ಮಪ್ಪ ಅದಕ್ಕೂ ಇಟ್ಟಿದ್ದರು. ಅಪ್ಪ ಬೆಳಗಾವಿಯಲ್ಲಿ ಡಾಕ್ಟರರು. ದೊಡ್ಡ ಯುದ್ಧ ಸುರುವಾಗುವುದಕ್ಕೆ ಮೊದಲೇ ಕೊಂಡ ಆ ಗಾಡಿಯಲ್ಲಿ ಹಳ್ಳಿಹಳ್ಳಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ನನಗೆ ನಡೆಸಲು ಕಲಿಸಿದವರೂ ಅವರೇ. ಹಿಂದಿನ ಸೀಟಿನ ಚರ್ಮಕ್ಕೆ ಅವರ ಔಷಧದ ಪೆಟ್ಟಿಗೆಯ ವಾಸನೆ ಹತ್ತಿಕೊಂಡಿತ್ತು. ಬಿಸಿಲು ಬಿದ್ದಾಗ ಆ ವಾಸನೆ ಏಳುತ್ತಿತ್ತು. ನನ್ನ ಮದುವೆಯಲ್ಲಿ ಹಂಡೆ, ತಪ್ಪೇಲಿ, ಕೊಳಗಗಳ ಜೊತೆ ಕೆಂಪಿಯೂ ಗೋಕಾಕಕ್ಕೆ ಬಂದಳು. ಮುಂದೆ ಅಪ್ಪ ತೀರಿಕೊಂಡರು. ನನಗೆ ಅಣ್ಣತಮ್ಮಂದಿರಿಲ್ಲ. ಬೆಳಗಾವಿಯ ಮನೆಯಲ್ಲಿ ಯಾರೋ ಬೇರೆಯವರು ಬಂದು ಕೂತರು.

ನಮ್ಮ ಯಜಮಾನರು ವಕೀಲರು, ಕೆಂಪಿಯ ವಿಷಯದಲ್ಲಂತೂ ಸದಾ ಪ್ರತಿವಾದಿಯ ಕಡೆಯ ವಕೀಲರು. ಅದು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು ಎಂಬುದು ಅವರ ವಾದ. ವಾದದಲ್ಲಿ ಹುರುಳಿತ್ತು. ಹೀಗಿರುವಾಗ ಹಿಟ್ಟಿನ ಗಿರಣಿಯ ಮಲ್ಲಪ್ಪನವರು ಒಂದು ಸಂಜೆ ಚಹಕ್ಕೆ ಬಂದರು. ಅವರ ಗಿರಣಿಯ ಇಂಜಿನ್ನು ಸೀಳಿಹೋಗಿತ್ತು. ಸುಗ್ಗಿಯ ಕಾಲ ಬೇರೆ, ಜೋಳದ ಬುಟ್ಟಿ ಹೊತ್ತ ಹೆಂಗಸರು ಬಾಗಿಲಲ್ಲಿ ಸಾಲುಗಟ್ಟಿದ್ದರು. ನಿಂತೇ ಇರುವ ನಮ್ಮ ಗಾಡಿಯ ಇಂಜಿನ್ನನ್ನು ಬಿಚ್ಚಿಕೊಟ್ಟರೆ ನಮ್ಮ ಮನೆಯ ಹಿಟ್ಟನ್ನು ಬೇಕಾದಷ್ಟು ವರ್ಷ ಬೀಸಿಕೊಡುತ್ತೇನೆ ಎಂದರು. ನಮ್ಮವರು ನನ್ನ ಮುಖ ನೋಡಿದರು. ನಾನು ಕಾನ್ವೆಂಟಿನಲ್ಲಿ ಕಲಿತಂತೆ ಸುಮ್ಮನಿದ್ದೆ. ಆದರೆ ಕೈಯಲ್ಲಿದ್ದ ಚಮಚೆ ಬಸಿಗೆ ಬಡಿದು ಠಣ್ಣೆಂದಿತು.

ಆ ಸಪ್ಪಳವೇ ನನ್ನನ್ನು ಉಳಿಸಿತು ಎನ್ನಬೇಕು, ನಮ್ಮವರು ಕೂಡಲೇ ಹೂಂ ಎನ್ನಲಿಲ್ಲ. ಅದೇ ವಾರ ಬೆಳಗಾವಿಯ ಕೆಲವು ಡಾಕ್ಟರರು, ಇಂಜಿನಿಯರರು, ಹೊತ್ತು ಹೋಗದ ಒಬ್ಬ ಇನಾಮದಾರರು ಸೇರಿ ಹಳೆಯ ಮೋಟಾರುಗಳ ಶರ್ಯತ್ತು ಏರ್ಪಡಿಸಿದ್ದರು. ದೊಡ್ಡ ಯುದ್ಧಕ್ಕಿಂತ ಮುಂಚಿನ ಗಾಡಿಗಳಿಗೆ ಮಾತ್ರ ಪ್ರವೇಶ. ಶನಿವಾರ ಗೋಕಾಕದಿಂದ ಮೂಡಲಗಿ, ರವಿವಾರ ಮೂಡಲಗಿಯಿಂದ ಧುಪದಾಳದ ಮೇಲೆ ಹಾಯ್ದು ಹುಕ್ಕೇರಿ. ಹುಕ್ಕೇರಿಯ ಬಂಗಲೆಯ ಮುಂದೆ ಒಂದು ಬಾವುಟ. ಹೊತ್ತು ಮುಳುಗಿದಾಗ ಅದನ್ನು ಇಳಿಸುತ್ತಾರೆ. ಅದಕ್ಕಿಂತ ಮೊದಲು ಮುಟ್ಟಿದ ಗಾಡಿಗಳೆಲ್ಲ ಗೆದ್ದಂತೆ. ನಮ್ಮವರು ವಕೀಲಿ ಬುದ್ಧಿಯಿಂದ ರಾಜಿ ಮಾಡಿಸಿದರು: ಬಾವುಟ ಇಳಿಯುವುದರೊಳಗೆ ಮುಟ್ಟಿದರೆ ಕೆಂಪಿ ನನ್ನವಳು, ಇಲ್ಲವಾದರೆ ಇಂಜಿನ್ನು ಮಲ್ಲಪ್ಪನವರದು. ಮಲ್ಲಪ್ಪನವರು ಒಪ್ಪಿದರು. ನಾನೂ ಒಪ್ಪಿದೆ.

ಗಾಡಿಗೆ ಇಬ್ಬರಿರಲೇಬೇಕೆಂಬ ನಿಯಮವಿತ್ತು. ಹಳೆಯ ಬ್ರೇಕುಗಳನ್ನು ನಂಬುವಂತಿಲ್ಲವಲ್ಲ, ಏರಿನಲ್ಲಿ ನಿಂತಾಗ ಇಳಿದು ಗಾಲಿಯ ಹಿಂದೆ ಕಲ್ಲು ಇಡುವವರು ಬೇಕು. ನಮ್ಮವರಿಗೆ ಮೋಟಾರಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತದೆ. ಯಾರನ್ನು ಕರೆಯಲಿ ಎಂದು ಯೋಚಿಸುತ್ತಿದ್ದಾಗ ಅಡಿಗೆಮನೆಯಿಂದ ಅತ್ತೆಯ ದನಿ ಬಂತು.

"ಗಾಡಿ ಮೇಲವಂಕಿ ಬಾಜೂ ಹಾಯತೈತೇನು?"

"ಹೌದ್ರಿ ಅತ್ತಿ, ತುಸು ಒಳಗ ಉಳೀತೈತಿ."

"ಹಂಗಾರ ಕಲ್ಲು ಇಡಾಕ ನಾನ ಬರ್ತೇನಿ."

ಮೇಲವಂಕಿ ಅತ್ತೆಯ ತವರು. ಇಷ್ಟು ವರ್ಷ ಅವರು ಕೆಂಪಿಯಲ್ಲಿ ಕಾಲಿಟ್ಟವರೇ ಅಲ್ಲ. ಅದನ್ನು 'ಹೊಗಿ ಉಗುಳೋ ಎಮ್ಮಿ' ಎಂದು ಕರೆಯುತ್ತಿದ್ದರು. ನಮ್ಮವರು ದಂಗಾದರು.

"ಅವ್ವಾ, ಇದು ಶರ್ಯತ್ತು. ಬೀಗರ ಮನಿಗೆ ಹೋಗೂದಲ್ಲ."

"ಶರ್ಯತ್ತು ನಿಮ್ಮದು, ತವರು ನಂದು," ಎಂದು ಅತ್ತೆ ಒಳಗೆ ಹೋಗಿ ರುಬ್ಬುವ ಒಳ್ಳಿನ ಗುಂಡುಕಲ್ಲನ್ನು ತೊಳೆದು ತಂದು ಕೆಂಪಿಯ ಕಾಲಬುಡದಲ್ಲಿ ಇಟ್ಟರು. ಬೀದಿಯ ಕಲ್ಲನ್ನು ನಂಬಬಾರದು, ಮನೆಯ ಕಲ್ಲೇ ಮೇಲು, ಎಂಬುದು ಅವರ ಅಭಿಪ್ರಾಯ.

ಶನಿವಾರ ಹೊರಟಾಗ ಉಳಿದ ಗಾಡಿಗಳವರು ಚರ್ಮದ ಟೊಪ್ಪಿಗೆ, ದೊಡ್ಡ ಕನ್ನಡಕ ಹಾಕಿದ್ದರು. ನಾನು ಸೆರಗನ್ನು ತಲೆಯ ಮೇಲಿಂದ ತಂದು ಗದ್ದದ ಕೆಳಗೆ ಗಂಟು ಹಾಕಿದ್ದೆ. ಗಂಡಸರಿಗೆ ಇಂಜಿನ್ನಿನ ಮೇಲಿನ ತಗಡು ಮುಚ್ಚಿದ್ದರೆ ಸಮಾಧಾನವಿಲ್ಲ ಎಂಬುದನ್ನು ಅಂದೇ ಗಮನಿಸಿದೆ. ಒಬ್ಬರು ತಗಡು ಎತ್ತಿ ಇಣುಕಿದರೆ ಉಳಿದವರೆಲ್ಲ ಬಂದು ಇಣುಕುತ್ತಾರೆ. ಯಾರೂ ಏನೂ ಮಾಡುವುದಿಲ್ಲ. ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡಲು ಬಂದ ಹೆಂಗಸರ ಮುಖದಲ್ಲಿ ಕಾಣುವ ಭಾವವೇ ಅವರ ಮುಖದಲ್ಲಿಯೂ ಇತ್ತು.

ಮೇಲವಂಕಿಯ ಹಾದಿ ಕವಲೊಡೆಯುವಲ್ಲಿ ಅತ್ತೆ ನನ್ನ ಮೊಣಕೈ ಹಿಡಿದರು. "ಹೊರಳಸ."

"ಅತ್ತಿ, ಹೊತ್ತಾಗತೈತ್ರಿ. ಇಲ್ಲಿಂದನ ಕೈ ಮುಗೀರಿ."

"ತವರಿನ ಹಾದಿ ಮುಂದ ಹಾದು ಹೋಗಿ ಹೊಸ್ತಿಲ ತುಳೀಲಿಲ್ಲಂದ್ರ ನಮ್ಮ ವೈನಿ ಸುಮ್ಮನ ಬಿಟ್ಟಾಳೇನು? ಹೊರಳಸವ್ವಾ."

ಹೊರಳಿಸಿದೆ. ಹಿಂದೆ ಬರುತ್ತಿದ್ದ, ಚರ್ಮದ ಟೊಪ್ಪಿಗೆಯ ಬೆಳಗಾವಿಯ ಡಾಕ್ಟರರೊಬ್ಬರು ನಮ್ಮನ್ನು ದಾಟಿ ಧೂಳೆಬ್ಬಿಸಿ ಹೋದರು. ಮನೆಯ ಮುಂದೆ ಕೆಂಪಿ ನಿಂತದ್ದೇ ತಡ, ಅತ್ತೆಯ ವೈನಿ, ಅಂದರೆ ಅಣ್ಣನ ಹೆಂಡತಿ, ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಯವ್ವಾ ಗಂಗವ್ವಾ! ಮೋಟಾರದಾಗ ಬಂದಿ! ಯಾರರ ತೀರಿಕೊಂಡರೇನ?"

"ಯಾರೂ ತೀರಿಕೊಂಡಿಲ್ಲ ವೈನಿ. ಶರ್ಯತ್ತು ಓಡಾಕತ್ತೇವಿ."

"ನೀನು? ಈ ವಯಸ್ಸಿನಾಗ? ಒಳಗ ಬಾ, ಮೊದಲ ನೀರು ಕುಡಿ, ಆಮ್ಯಾಲ ಓಡು!"

ಇನ್ನು ಉಡಿ ತುಂಬುವ ವಿಷಯ. ಜಗತ್ತಿನ ಎಲ್ಲ ಕೆಲಸಗಳನ್ನೂ ಅವಸರದಲ್ಲಿ ಮಾಡಬಹುದು, ಇದೊಂದನ್ನು ಬಿಟ್ಟು. ತವರಿನಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ, ಕುಬಸದ ಖಣ ಹಾಕುತ್ತಾರೆ. ಹಾಕುವವರು ನಿಧಾನವಾಗಿ ಹಾಕುತ್ತಾರೆ, ಏಕೆಂದರೆ ಹಾಕಿ ಮುಗಿದರೆ ಮಗಳು ಹೊರಡುತ್ತಾಳೆ. ಹಾಕಿಸಿಕೊಳ್ಳುವವರು ಅದಕ್ಕಿಂತ ನಿಧಾನ. ನನಗೆ ಒಳಗೊಳಗೇ ಬಾವುಟ, ಗಿರಣಿ, ಡಾಕ್ಟರರ ಧೂಳು ಎಲ್ಲ ಕಾಣುತ್ತಿದ್ದವು. ಆದರೂ ಅತ್ತೆಯ ಮುಖ ನೋಡಿದೆ. ಸೆರಗು ಹಿಡಿದು ನಿಂತ ಅವರು ನನಗಿಂತ ಚಿಕ್ಕ ವಯಸ್ಸಿನವರಂತೆ ಕಂಡರು. ಅವಸರ ಮಾಡಲು ಬಾಯಿ ಬರಲಿಲ್ಲ.

ಅತ್ತೆಗೆ ತುಂಬಿದರು, ನನಗೆ ತುಂಬಿದರು. ಆಮೇಲೆ ವೈನಿಯವರ ಕಣ್ಣು ಕೆಂಪಿಯ ಮೇಲೆ ಬಿತ್ತು.

"ಇದೂ ನಿನ್ನ ಸೊಸಿ ತವರಿಂದ ಬಂದದ್ದಲ್ಲೇನ? ಹಂಗಾರ ಇದಕೂ ತುಂಬೂನು."

ಮೋಟಾರಿಗೆ ಸೆರಗೆಲ್ಲಿಂದ ಬರಬೇಕು! ಹಿಂದಿನ ಸೀಟಿನ ಮೇಲೆ ಅಕ್ಕಿ, ಕೊಬ್ಬರಿ, ಬೆಲ್ಲ ಇಟ್ಟರು. ಜೊತೆಗೆ ಮನೆಯಲ್ಲೇ ಕುಟ್ಟಿದ ಹೊಸ ಅರಿಷಿಣದ ಪುಡಿಯನ್ನು ದೊಡ್ಡ ಪೊಟ್ಟಣ ಕಟ್ಟಿ ಇಟ್ಟರು. ಅದರ ಮೇಲೆ ರೊಟ್ಟಿಯ ಗಂಟು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರಿನ ಗಡಿಗೆ. ಅಪ್ಪನ ಔಷಧದ ವಾಸನೆಗೆ ಮೊದಲ ಸಲ ಅಡಿಗೆಮನೆಯ ವಾಸನೆ ಜೊತೆಯಾಯಿತು.

ಮೂಡಲಗಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಉಳಿದವರೆಲ್ಲ ಶಾಲೆಯ ಪಡಸಾಲೆಯಲ್ಲಿ ಕೂತು ಡಬ್ಬಿಯ ಬಿಸ್ಕೀಟು ಕಡಿಯುತ್ತಿದ್ದರು. ನಮ್ಮ ರೊಟ್ಟಿಯ ಗಂಟು ಬಿಚ್ಚಿದೊಡನೆ ಶರ್ಯತ್ತು ಮರೆತೇ ಹೋಯಿತು. ಡಾಕ್ಟರರು ಹಿಂಡಿಗೆ ಮೊಸರು ಕಲಸಿಕೊಳ್ಳುತ್ತ, "ಬಾಯಾರ, ನಾಳಿ ನೀವು ಭಾಳ ಹಿಂದ ಉಳೀಬ್ಯಾಡ್ರಿ. ಮಧ್ಯಾಹ್ನ ನಮಗ ಹಸಿವ್ಯಾಗತೈತಿ," ಎಂದರು.

ರವಿವಾರದ ಬೆಳಗನ್ನು ನಾನು ಮರೆಯಲಾರೆ. ರಸ್ತೆ ತಂಪಾಗಿತ್ತು. ಎರಡೂ ಬದಿಗೆ ಬಿಳಿಜೋಳ ತೆನೆ ಬಾಗಿಸಿ ನಿಂತಿತ್ತು. ಕೆಂಪಿಗೆ ಏನು ಹುಮ್ಮಸ್ಸು ಬಂದಿತ್ತೋ, ಕೆಮ್ಮಲಿಲ್ಲ, ನಿಲ್ಲಲಿಲ್ಲ. ಗಾಳಿಗೆ ಸೆರಗಿನ ಗಂಟು ಬಿಚ್ಚಿ ಹಾರಿತು. ವೇಗವೆಂದರೆ ಗಂಡಸರು ತಮ್ಮೊಳಗೇ ಬಚ್ಚಿಟ್ಟುಕೊಂಡ ಸಿಹಿತಿಂಡಿ ಎಂದು ಅಂದು ತಿಳಿಯಿತು. ಅತ್ತೆಗೂ ತಿಳಿಯಿತೆಂದು ಕಾಣುತ್ತದೆ. ಮೊದಮೊದಲು ಎರಡೂ ಕೈಯಿಂದ ಬಾಗಿಲು ಹಿಡಿದವರು, ಆಮೇಲೆ ಒಂದು ಕೈ ಬಿಟ್ಟು, "ಇನ್ನೀಟು ಓಡಸ ನೋಡೂನು," ಎಂದರು. ಮುಂದೆ ಡಾಕ್ಟರರು ರಸ್ತೆಯ ಬದಿಗೆ ಟಾಯರು ಬಿಚ್ಚಿಕೊಂಡು ಕೂತಿದ್ದರು. ನಾವು ಸರ್ರನೆ ದಾಟಿದೆವು. ಅತ್ತೆ ಹಿಂದಿರುಗಿ ಕೂಗಿದರು: "ಡಾಕ್ಟರ, ರೊಟ್ಟಿ ಹುಕ್ಕೇರ್ಯಾಗ ಕೊಡತೇವ್ರಿ!"

ಇಂಥ ಮಾತನ್ನು ದೇವರು ಕೇಳಿಸಿಕೊಳ್ಳದೆ ಬಿಡುವುದಿಲ್ಲ. ಧುಪದಾಳ ಹತ್ತಿರ ಬಂದಾಗ ರಸ್ತೆಯ ಕಲ್ಲೊಂದು ಚಿಮ್ಮಿ ಕೆಂಪಿಯ ಮೂಗಿಗೆ ಬಡಿಯಿತು. ಮೋಟಾರಿನ ಮೂಗೆಂದರೆ ರೇಡಿಯೇಟರು, ಇಂಜಿನ್ನನ್ನು ತಂಪಾಗಿಡುವ ನೀರಿನ ಡಬ್ಬಿ. ಅಲ್ಲಿ ಹೊಳೆಗೆ ಕಟ್ಟಿದ ಒಡ್ಡಿನ ಮೇಲಿಂದ ಧುಮುಕುವ ನೀರಿನ ಸಪ್ಪಳದಲ್ಲಿ ಕೆಂಪಿಯ ಬುಸುಗುಟ್ಟುವಿಕೆ ನನಗೆ ಕೇಳಿಸಲೇ ಇಲ್ಲ. ಉಗಿ ಕಂಡ ಮೇಲೆಯೇ ನಿಲ್ಲಿಸಿದೆ. ಮೂಗಿನಲ್ಲಿ ಸಣ್ಣ ತೂತು. ಪಕ್ಕದಲ್ಲೇ ಹೊಳೆ, ನೀರಿಗೆ ಬಡತನವಿಲ್ಲ. ಮೊಸರು ಮುಗಿದ ಗಡಿಗೆಯಿಂದ ತುಂಬಿದರೆ ಅಷ್ಟೂ ಸೋರುತ್ತಿತ್ತು. ಬಟ್ಟೆ ತುರುಕಿದೆ, ಬೆಲ್ಲ ಮೆತ್ತಿದೆ. ಬೆಲ್ಲ ಕರಗಿ ಇರುವೆಗಳಿಗೆ ಸುದ್ದಿ ಹೋಯಿತು. ಡಾಕ್ಟರರು ಬಂದು, ಹಗ್ಗ ಕಟ್ಟಿ ಎಳೆದೊಯ್ಯಲೇ ಎಂದು ಕೇಳಿದರು. ಎಳೆಸಿಕೊಂಡು ಹೋದರೆ ಶರ್ಯತ್ತಿನಿಂದ ಹೊರಗೆ. ಬೇಡವೆಂದೆ. ಅವರು ಹೋದ ಮೇಲೆ ನಾನು ಗಾಲಿಗೆ ಒರಗಿ ಕೂತೆ. ಬಿಸಿಲಿಗೆ ಸೀಟಿನ ವಾಸನೆ ಎದ್ದು ಬಂತು.

ಅತ್ತೆ ಗುಂಡುಕಲ್ಲನ್ನು ಗಾಲಿಯ ಹಿಂದಿಟ್ಟು ಬಂದು ತೂತನ್ನು ನೋಡಿದರು.

"ಇದಕ್ಕ ಗಾಯ ಆಗೈತಿ. ಗಾಯಕ್ಕ ಅರಿಷಿಣ ಹಚ್ಚವ್ವ."

"ಹಚ್ಚಿದ್ರ ನೀರಿಗೆ ತೊಳದ ಹೋಗತೈತ್ರಿ ಅತ್ತಿ."

"ಹೊರಗ ನಿಲ್ಲಂಗಿಲ್ಲಂದ್ರ ಒಳಗ ಕುಡಸು. ಬಿದ್ದ ಹುಡುಗರಿಗೆ ಹಾಲಾಗ ಹಾಕಿ ಕುಡಸೂದಿಲ್ಲೇನು?"

ಬೇರೆ ದಾರಿ ಇರಲಿಲ್ಲ. ವೈನಿಯವರ ಪೊಟ್ಟಣವನ್ನು ಬಿಚ್ಚಿ ರೇಡಿಯೇಟರಿನ ಬಾಯಿಗೆ ಸುರಿದು, ನೀರು ತುಂಬಿ, ಇಂಜಿನ್ನು ಸುರು ಮಾಡಿದೆವು. ಹಳದಿ ನೀರು ಧಾರೆಯಾಗಿ ಬಂತು. ಆಮೇಲೆ ದಾರವಾಯಿತು. ಆಮೇಲೆ ಹನಿಯಾಯಿತು. ಪುಡಿ ನೀರಿಗೆ ಉಬ್ಬಿ ತೂತಿನಲ್ಲಿ ಕೂತುಕೊಂಡಿತೆಂದು ಈಗ ನಾನು ವಿವರಿಸಬಲ್ಲೆ. ಆಗ ಮಾತ್ರ ಇಬ್ಬರೂ ಸುಮ್ಮನೆ ಕೈ ಮುಗಿದೆವು.

ಇಂಜಿನ್ನು ಕಾಯಬಾರದೆಂದು ಕೆಂಪಿಯನ್ನು ಮೆಲ್ಲಗೆ ನಡೆಸಬೇಕಾಯಿತು. ಹೊತ್ತು ಮಾತ್ರ ಮೆಲ್ಲಗೆ ನಡೆಯಲಿಲ್ಲ. ಹುಕ್ಕೇರಿಯ ಹೊರಗೆ ಎದುರಿಗೆ ಜೋಳದ ಕಣಿಕೆ ಹೇರಿದ ಬಂಡಿಗಳ ಸಾಲು. ನಾನು ಹಾರ್ನು ಒತ್ತಿದೆ. ಅದು ಕೆಮ್ಮಿತು.

"ಹಿಂಡವ್ವಾ! ನಿಮ್ಮ ಕಾನ್ವೆಂಟ ಸಿಸ್ಟರಗೋಳು ಇಲ್ಲಿಲ್ಲ!" ಎಂದರು ಅತ್ತೆ.

ಹಿಂಡಿದೆ. ಹುಟ್ಟಿದಂದಿನಿಂದ ಒಳಗೆ ಇಟ್ಟುಕೊಂಡ ಸಪ್ಪಳವೆಲ್ಲ ಹೊರಗೆ ಬಂದಂತಾಯಿತು. ಬಂಡಿಗಳು ಸರಿದವು. ಊದುತ್ತಲೇ ಬಂಗಲೆಯ ಅಂಗಳಕ್ಕೆ ನುಗ್ಗಿದೆ.

ಕಂಬ ಬೋಳಾಗಿತ್ತು. ಬಾವುಟವನ್ನು ಮಡಿಸಿ ಮೇಜಿನ ಮೇಲಿಟ್ಟಿದ್ದರು.

ಮಲ್ಲಪ್ಪನವರು ಇಂಜಿನ್ನು ಒಯ್ಯಲು ಬಂಡಿಯನ್ನೂ ಹಗ್ಗವನ್ನೂ ತಂದಿದ್ದರು. ಅದೇ ಬಂಡಿಯಲ್ಲಿ ಬಂದಿದ್ದ ನಮ್ಮವರು ತಮ್ಮ ಬೂಟು ನೋಡಿಕೊಳ್ಳುತ್ತ, "ಮಾತು ಅಂದ್ರ ಮಾತು, ಮಲ್ಲಪ್ಪನವರ. ಇಂಜಿನ್ನು ನಿಮ್ಮದು," ಎಂದರು. ಅವರ ದನಿಯಲ್ಲಿ ಗೆದ್ದ ವಕೀಲರ ಗತ್ತು ಒಂದಿಷ್ಟೂ ಇರಲಿಲ್ಲ. ನಾನು ಕೆಳಗಿಳಿಯಲಿಲ್ಲ. ಇಳಿದರೆ ಮುಗಿಯಿತಲ್ಲ.

ಅತ್ತೆ ಇಳಿದರು. ಗುಂಡುಕಲ್ಲನ್ನು ಗಾಲಿಯ ಹಿಂದಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡು ಮಗನ ಮುಂದೆ ನಿಂತರು. "ನನಗ ತವರಿಗೆ ಹೋಗಬೇಕಂದ್ರ ಮೇಲವಂಕಿ ಐತಿ. ನಿನ್ನೆ ಹೋಗಿ ಉಡಿ ತುಂಬಿಸಿಕೊಂಡು ಬಂದೆ. ಈಕಿ ತವರು ಈ ನಾಕು ಗಾಲಿ ಮ್ಯಾಲ ಐತ್ಯಪಾ. ಅದನ್ನ ಬಿಚ್ಚಿದ್ರ ಈಕಿ ಎಲ್ಲಿಗೆ ಹೋಗಬೇಕು?"

ಮಲ್ಲಪ್ಪನವರು ಕೆಂಪಿಯ ಸುತ್ತ ಒಂದು ಸುತ್ತು ಬಂದರು. ಮೂಗಿನಿಂದ ಹಳದಿ ಹನಿಯೊಂದು ನೆಲಕ್ಕೆ ಬಿತ್ತು. ಬಗ್ಗಿ ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದರು.

"ಅರಿಷಿಣ ಕುಡಸೀರೇನ್ರಿ ಇದಕ್ಕ?"

"ಗಾಯ ಆಗಿತ್ರಿ," ಎಂದರು ಅತ್ತೆ.

"ಬ್ಯಾಡ್ರಿ ವಕೀಲರ, ಬ್ಯಾಡ್ರಿ!" ಮಲ್ಲಪ್ಪನವರು ಎರಡೂ ಕೈ ಆಡಿಸಿದರು. "ಇದನ್ನ ಒಯ್ದು ಗಿರಣಿಗೆ ಹೂಡಿದ್ರ ಊರ ಮಂದಿ ಹಿಟ್ಟೆಲ್ಲಾ ಹಳದಿ ಆದೀತು. ಮದವಿ ಮನ್ಯಾಗ ರೊಟ್ಟಿ ಬಡದಂಗ ಆಗತೈತಿ. ನಾ ಒಲ್ಲೆ!"

ಅಂಗಳವೆಲ್ಲ ನಕ್ಕಿತು. ಡಾಕ್ಟರರು ಟೊಪ್ಪಿಗೆ ತೆಗೆದು ಕೈಗೆ ಬಡಿದು ನಕ್ಕರು. ನಮ್ಮವರು ಬೂಟಿನಿಂದ ಕಣ್ಣು ಎತ್ತಿ ನನ್ನ ಕಡೆ ನೋಡಿದರು. ಅತ್ತೆ ಉಳಿದ ರೊಟ್ಟಿ ಹಂಚಿದರು. ಮಲ್ಲಪ್ಪನವರ ಬಂಡಿ ಬರಿದಾಗಿಯೇ ಹೊರಳಿತು.

ಮುಂದೆ ಅವರು ಎಲ್ಲಿಂದಲೋ ಬೇರೆ ಇಂಜಿನ್ನು ತಂದು ಹೂಡಿದರು. ನಾನು ಬುಟ್ಟಿಯನ್ನು ಕೆಂಪಿಯಲ್ಲೇ ಇಟ್ಟುಕೊಂಡು ಜೋಳ ಬೀಸಿಸಲು ಹೋಗುತ್ತೇನೆ. ಬೀಸುಗಲ್ಲು ಒಂದು ಕಡೆ, ಇಂಜಿನ್ನು ಗೋಡೆಯ ಆಚೆ, ನಡುವೆ ಉದ್ದನೆಯ ಪಟ್ಟಿ. ಇಂಜಿನ್ನಿನ ನೀರಿನ ಒಂದು ಹನಿಯೂ ಹಿಟ್ಟಿನ ಹತ್ತಿರ ಸುಳಿಯಲಾರದು. ಅದು ಮೊದಲ ದಿನವೇ ನನ್ನ ಕಣ್ಣಿಗೆ ಬಿತ್ತು. ಹುಟ್ಟಾ ಗಿರಣಿ ನಡೆಸಿದವರಿಗೆ ಅದು ತಿಳಿದಿರಲಿಲ್ಲವೆ? ಹಿಟ್ಟು ಅಳೆದು ಕೊಡುವಾಗ ಮಲ್ಲಪ್ಪನವರು ಪ್ರತಿ ಸಲವೂ ಕೇಳುತ್ತಾರೆ: "ಬೆಳ್ಳಗ ಐತೆಲ್ರಿ ಬಾಯಾರ?"

"ಬೆಳ್ಳಗ ಐತ್ರಿ," ಎನ್ನುತ್ತೇನೆ. ಇಬ್ಬರೂ ನಗುವುದಿಲ್ಲ. ಹೊರಡುವಾಗ ಮಾತ್ರ ಅವರ ಬಾಗಿಲ ಮುಂದೆ ಹಾರ್ನನ್ನು ಗಟ್ಟಿಯಾಗಿ ಹಿಂಡುತ್ತೇನೆ. ಆ ಒಂದು ಕಡೆ ಅದು ನನಗೆ ಬರುತ್ತದೆ.