ಹೂಂ ಅಂದರೆ ಸಿಟ್ಟಾಗುವ ಮೇಡಂ

ಮೇಲಿನ ಮನೆಗೆ ಬಾಡಿಗೆಗೆ ಬಂದ ಟ್ರೈನಿಂಗ್ ಮೇಡಂ ನನಗೆ ಮೊದಲು ಗೊತ್ತಾದದ್ದು ಹೆಜ್ಜೆ ಸದ್ದಿನಿಂದ. ಆ ಕಾಲು ಒಂದು ಗಳಿಗೆ ನಿಂತದ್ದಿಲ್ಲ. ಬಡ ದೇಶಗಳಿಗೆ ನೆರವಿಗೆ ಹೊರಡುವ ನರ್ಸು, ಇಂಜಿನಿಯರುಗಳಿಗೆ ಪಾಠ ಹೇಳುವುದು ಆಕೆಯ ಕೆಲಸ. ಚಹಾ ಕೊಟ್ಟರೆ ನಿಂತೇ ಅರ್ಧ ಕುಡಿದು, ಲೋಟ ಎಲ್ಲೋ ಇಟ್ಟು, ಅದನ್ನೇ ಹುಡುಕುತ್ತಾ ತಿರುಗುವಳು. ಶಿಷ್ಯರನ್ನು ನನ್ನ ಅಡುಗೆಮನೆಗೇ ನುಗ್ಗಿಸಿ, "ಅಮ್ಮನಿಗೆ ಏನು ಬೇಕು, ಕೇಳಿ" ಅನ್ನುವಳು. ಅವರು ಕೇಳುವ ಬದಲು ತಾವೇ ಒಲೆ ಅತ್ತ ಸರಿಸೋಣ ಅನ್ನುತ್ತಿದ್ದರು. ನಾನು ಬೇಡವಾಗಿದ್ದರೂ ಸಂಕೋಚಕ್ಕೆ ಹೂಂ ಅಂದರೆ ಈಕೆಗೆ ಸಿಟ್ಟು. "ಇಷ್ಟು ಒಳ್ಳೆಯವರಾದ್ರೆ ಹೇಗಮ್ಮಾ?" ಅಂದು ಒಂದು ದಿನ ದೊಪ್ಪನೆ ಕುಳಿತಳು. ದೂರದೇಶದಲ್ಲಿ ಆಕೆ ಕಟ್ಟಿಸಿದ ಹೆರಿಗೆ ಕೋಣೆಯ ಬಾಗಿಲು ಸಂತೆಯ ಕಡೆಗಿತ್ತಂತೆ. ಹೆಂಗಸರು ನಾಚಿ ಒಳಗೆ ಬರಲಿಲ್ಲ, ಮನೆಯಲ್ಲೇ ಹೆರಲು ಹೋಗಿ ಒಬ್ಬಳು ಉಳಿಯಲಿಲ್ಲ. ಕಟ್ಟುವ ಮೊದಲು ನಕ್ಷೆ ತೋರಿಸಿದಾಗ ಮಾತ್ರ, ಅತಿಥಿಗೆ ಬೇಡ ಅನ್ನಲಾರದೆ, ಎಲ್ಲರೂ ಹೂಂ ಅಂದಿದ್ದರು. ಮತ್ತೆ ಅಲ್ಲಿಗೇ ಹೊರಟ ದಿನ ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿಯುತ್ತಲೇ ಕೇಳಿಕೊಂಡಳು: "ನಾನಿಲ್ಲದಿದ್ರೂ ಹೊಸ ಶಿಷ್ಯರು ನಿಮ್ಮ ಅಡುಗೆಮನೆಗೆ ಬರ್ತಾರಮ್ಮಾ. ಮುಖ ನೋಡಿ ಕರಗಿ ಹೂಂ ಅಂದುಬಿಡಬೇಡಿ."